ಅರ್ಧಕ್ಕೆ ಸೂಜಿ ಬೇಡ ಎಂದವನು

ಅಜ್ಜಂಪುರದ ಸುತ್ತಿನ ಹಳ್ಳಿಗಳಲ್ಲಿ ಹಸು ಬೆದೆಗೆ ಬಂದರೆ ನನಗೇ ಫೋನು. ಹೋರಿಯ ವೀರ್ಯದ ಕಡ್ಡಿ ತಂದು ಹಸುವಿನ ಗರ್ಭಕ್ಕೆ ಸೇರಿಸುವುದು ಹದಿನೈದು ವರ್ಷದಿಂದ ನನ್ನ ಕೆಲಸ. ನನ್ನ ಕೈಗುಣ ಅಂಥದ್ದು ಎಂದು ಜಂಬ ಕೊಚ್ಚುತ್ತಿದ್ದೆ. ಮದುವೆಯಾಗಿ ಒಂಬತ್ತು ವರ್ಷವಾದರೂ ನಮ್ಮ ಮನೆಯಲ್ಲಿ ಮಾತ್ರ ತೊಟ್ಟಿಲು ಕಟ್ಟಲಿಲ್ಲ. "ಊರ ಹಸುಗಳಿಗೆಲ್ಲಾ ಗಬ್ಬ ನಿಲ್ಲುತ್ತೆ, ಇವನ ಮನೇಲಿ ಮಾತ್ರ ಇಲ್ಲ ಕಣ್ರೋ" ಎಂದು ಟೀ ಅಂಗಡಿಯಲ್ಲಿ ನಗುತ್ತಿದ್ದವರ ಬಾಯಿಗೆ ಮಣ್ಣು ಬೀಳಲಿ.

ಕೊನೆಗೆ ಪ್ರನಾಳ ಶಿಶುವಿಗೆಂದು ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನನ್ನ ಹೆಂಡತಿಯಿಂದ ಎಂಟು ಅಂಡಾಣು ಹೊರತೆಗೆದರು. ಅವಳು ಇನ್ನೂ ಮಂಪರಿನಲ್ಲಿದ್ದಳು. ಲ್ಯಾಬಿನ ಮೇಡಂ ನನ್ನನ್ನು ಕರೆದರು. "ಎರಡು ದಾರಿ ಇದೆ. ತಟ್ಟೆಯಲ್ಲಿ ಅಂಡಾಣು ಜೊತೆ ವೀರ್ಯಾಣು ಬಿಡ್ತೀವಿ, ತಾವಾಗೇ ಒಳಗೆ ಹೋಗಬೇಕು. ಇಲ್ಲಾಂದ್ರೆ ಒಂದೊಂದಕ್ಕೂ ಒಂದೊಂದನ್ನ ಸೂಜಿಯಿಂದ ಸೇರಿಸ್ತೀವಿ. ಸೂಜಿ ಹಾಕಿದ್ರೆ ಭ್ರೂಣದ ಗುಣ ಹೆಚ್ಚುತ್ತೆ ಅಂತಲ್ಲ, ಒಂದೂ ಫಲಿಸದೆ ಹೋಗೋ ಭಯ ಕಮ್ಮಿ. ನಿಮ್ಮ ವೀರ್ಯದ ರಿಪೋರ್ಟು ಅಂಚಲ್ಲಿದೆ, ಪೂರ್ತಿ ಚೆನ್ನಾಗೂ ಇಲ್ಲ, ಕೆಟ್ಟೂ ಇಲ್ಲ. ನಾಲ್ಕಕ್ಕೆ ಹಾಗೆ, ನಾಲ್ಕಕ್ಕೆ ಹೀಗೆ ಮಾಡೋಣ. ಯೋಚನೆ ಮಾಡಿ, ಮಧ್ಯಾಹ್ನದೊಳಗೆ ಹೇಳಿ" ಎಂದರು.

ಲ್ಯಾಬಿನ ಸೂಕ್ಷ್ಮದರ್ಶಕದ ಪರದೆಯ ಮೇಲೆ ನನ್ನ ವೀರ್ಯಾಣುಗಳು ಓಡಾಡುತ್ತಿದ್ದವು. ತರಬೇತಿಯಲ್ಲಿ ಹೋರಿಯವನ್ನು ಎಷ್ಟು ನೋಡಿಲ್ಲ ನಾನು! ಓಡಾಡಿದರೆ ಸಾಕು, ಮಿಕ್ಕಿದ್ದು ಅವೇ ನೋಡಿಕೊಳ್ಳುತ್ತವೆ ಎಂದುಕೊಂಡೆ. ಸೂಜಿಗೆ ಒಪ್ಪಿದರೆ ನಾನು ಗಂಡಸೇ ಅಲ್ಲ ಎಂದು ಬರೆದುಕೊಟ್ಟಂತೆ ಅನ್ನಿಸಿತು. "ಇದೆಲ್ಲಾ ನಂಗೊತ್ತು ಮೇಡಂ, ಎಂಟೂ ತಟ್ಟೆಗೇ ಹಾಕಿ" ಎಂದು ನಿಂತ ಕಾಲಲ್ಲೇ ಸಹಿ ಮಾಡಿಬಿಟ್ಟೆ. ಎಂಥ ಕತ್ತೆ ನಾನು!

ಮರುದಿನ ಬೆಳಿಗ್ಗೆ ಶಿವನಿ ಊರಿನಲ್ಲಿ ಒಂದು ಹಸುವಿನೊಳಗೆ ಮೊಳಕೈವರೆಗೆ ತೋಳು ತೂರಿಸಿದ್ದೆ. ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಹಸುವಿನ ಒಡತಿ ಅಜ್ಜಿಯೇ ತೆಗೆದು ನನ್ನ ಕಿವಿಗೆ ಹಿಡಿದಳು. ಎಂಟರಲ್ಲಿ ಎರಡೇ ಫಲಿಸಿವೆ ಎಂದರು ಮೇಡಂ.

"ಏನಪ್ಪಾ, ಯಾಕ್ ಹಿಂಗ್ ಬೆವರ್ತಿದೀಯ? ಯಾರಿಗ್ ಏನಾಯ್ತು?" ಎಂದಳು ಅಜ್ಜಿ. "ಯಾರಿಗೂ ಏನಿಲ್ಲಜ್ಜಿ" ಎಂದು ಕಡ್ಡಿಯ ವೀರ್ಯ ಬಿಟ್ಟು ಕೈ ಹೊರಗೆಳೆದುಕೊಂಡೆ.

ಅಲ್ಲಿಂದ ಜೀವ ಕೈಯಲ್ಲಿ ಹಿಡಿದುಕೊಂಡೇ ಓಡಾಡಿದೆ. ಮೂರನೆಯ ದಿನ ಎರಡರಲ್ಲಿ ಒಂದು ಬೆಳೆಯುವುದನ್ನು ನಿಲ್ಲಿಸಿತು. ಅಯ್ಯೋ, ಇನ್ನೊಂದೂ ಹೋದರೆ? ಬೀರೂರಿನ ನಮ್ಮ ಮನೆಯಲ್ಲಿ ಹೆಂಡತಿ, "ಪಾಪ, ಡಾಕ್ಟ್ರು ಎಲ್ಲಾ ಮಾಡಿದ್ರು. ನನ್ನವೇ ಸರಿ ಇರ್ಲಿಲ್ಲ ಅನ್ಸುತ್ತೆ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಸಹಿಯ ಸಂಗತಿ ಮುಚ್ಚಿಟ್ಟು ಅವಳಿಗೆ ಮಾತ್ರೆ, ನೀರು ತಂದುಕೊಟ್ಟೆ. ಭ್ರೂಣ ಉಳಿಯದಿದ್ದರೆ ಎಂಬ ಭಯ ಒಂದು, ಇವಳಿಗೆ ಗೊತ್ತಾದರೆ ಎಂಬ ಭಯ ಇನ್ನೊಂದು. ಯಾವುದು ದೊಡ್ಡದೆಂದು ಇವತ್ತಿಗೂ ಹೇಳಲಾರೆ.

ಐದನೆಯ ದಿನ, ಉಳಿದ ಒಂದೇ ಭ್ರೂಣವನ್ನು ಗರ್ಭಕ್ಕೆ ಸೇರಿಸಲು ಹೋಗುವಾಗ, ರೈಲು ತರೀಕೆರೆ ದಾಟಿದ ಮೇಲೆ ತಡೆಯಲಾಗದೆ ಎಲ್ಲವನ್ನೂ ಬಾಯಿಬಿಟ್ಟೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ನನ್ನ ಕಡೆ ತಿರುಗಿ ಕೂತಳು.

"ಎಂಟೂ ನನ್ ಹೊಟ್ಟೆಯಿಂದ ತೆಗ್ದಿದ್ದು ಕಣ್ರೀ. ಎಚ್ರ ಆದ್ಮೇಲೆ ಒಂದ್ ಮಾತ್ ಕೇಳೋಣ ಅನ್ನಿಸ್ಲಿಲ್ವಾ ನಿಮ್ಗೆ?" ಎಂದಳು.

ಶಿವಮೊಗ್ಗದಲ್ಲಿ ಇಳಿದಾಗ ಅವಳ ಚೀಲ ಎತ್ತಿಕೊಂಡು ಹಿಂದೆ ನಡೆದೆ.

ಆಸ್ಪತ್ರೆಯಲ್ಲಿ ನರ್ಸ್ ಬಂದು, "ಯಜಮಾನರೂ ಒಳಗೆ ಬರಬಹುದು" ಎಂದಳು. ನಾನು ಆಗಲೇ ಚಪ್ಪಲಿ ಬಿಟ್ಟು ನಿಂತಿದ್ದೆ.

"ಬೇಡ ಸಿಸ್ಟರ್, ನಾನೊಬ್ಳೇ ಬತ್ತೀನಿ" ಎಂದು ಹೆಂಡತಿ ಒಳಗೆ ಹೋದಳು.