ಭದ್ರಾವತಿಗೆ ಬಾರದ ತುಂಗೆ

ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಶಿವಮೊಗ್ಗದ ಕೋಟೆಯ ಬಳಿ, ಅಕ್ಕನ ಗಂಡ ಸುಮ್ಮನೆ ಹತ್ತಿ ಕೂತಿದ್ದ ತೆಪ್ಪದ ಹಗ್ಗ ಬಿಚ್ಚಿಕೊಂಡಿತು. ತೆಪ್ಪದವನು ಟೀ ಕುಡಿಯಲು ಹೋಗಿದ್ದ. ಭಾವನ ಕೈಯಲ್ಲಿ ಹುಟ್ಟು ಇರಲಿಲ್ಲ, ಮಂಡಕ್ಕಿ ಪೊಟ್ಟಣ ಇತ್ತು. ಈಜು ಬರುತ್ತಿರಲಿಲ್ಲ. ಮಳೆಗಾಲ ಆಗಷ್ಟೇ ಮುಗಿದು ತುಂಗೆ ತುಂಬಿ ಹರಿಯುತ್ತಿದ್ದಳು.

"ನಿಮ್ಮಕ್ಕನಿಗೆ ಹೇಳ್ಬೇಡ ಮಾರಾಯ!" ಎಂದು ಕೂಗುತ್ತಲೇ ತಿರುವಿನಲ್ಲಿ ಮರೆಯಾದರು.

ಮುಂದೆ ಹೋಗಿ ಅಡ್ಡಗಟ್ಟಬೇಕು. ಎಲ್ಲಿ? ಆ ವರ್ಷವಷ್ಟೇ ಬಿ.ಎ. ಮುಗಿಸಿದ್ದ ನನ್ನ ತಲೆಯಲ್ಲಿ ಕಾಲೇಜಿನ ಗೋಡೆಯ ನಕ್ಷೆ ಎದ್ದು ನಿಂತಿತು. ಅದರಲ್ಲಿ ಶಿವಮೊಗ್ಗ ಮೇಲೆ, ಭದ್ರಾವತಿ ಕೆಳಗೆ. ನೀರು ಕೆಳಕ್ಕೆ ತಾನೇ ಹರಿಯುವುದು? ಸೈಕಲ್ ಹತ್ತಿ, ಸೇತುವೆ ದಾಟಿ, ಭದ್ರಾವತಿ ರಸ್ತೆ ಹಿಡಿದೆ.

ಇಪ್ಪತ್ತು ನಿಮಿಷ ತುಳಿದ ಮೇಲೆ ಚೈನು ಕಳಚಿತು. ಎದುರಿಗೆ ಬಂದ ಲಾರಿಗೆ ಅಡ್ಡ ನಿಂತೆ.

"ಸಾಹೇಬ್ರೇ, ಲಾರಿ ತಿರುಗ್ಸಿ. ಭದ್ರಾವತೀಲಿ ನಮ್ಮ ಭಾವನ್ನ ಹಿಡೀಬೇಕು."

"ಓಡಿಹೋಗ್ತಿದಾರಾ?" ಎಂದರು ಡ್ರೈವರ್ ಸಾಹೇಬರು.

"ತೇಲಿಹೋಗ್ತಿದಾರೆ. ತುಂಗೇಲಿ."

"ತುಂಗೆ ಭದ್ರಾವತಿಗೆ ಯಾವಾಗಿಂದ ಬಂತು?"

"ಮ್ಯಾಪಲ್ಲಿ ಅದು ಕೆಳಗಿದೆಯಲ್ಲ!"

"ಅಯ್ಯೋ ಮಾರಾಯ, ಮ್ಯಾಪು ಗೋಡೇಲಿ ನೇತಾಡುತ್ತೆ, ಹೊಳೆ ನೆಲದ ಮೇಲೆ ಮಲಗಿರುತ್ತೆ! ಇಲ್ಲಿ ನೆಲ ತಗ್ಗೋದು ಉತ್ತರಕ್ಕೆ. ಭದ್ರೇನೂ ಅತ್ತಲೇ ಹೋಗೋದು. ಎರಡೂ ಸೇರೋದು ಕೂಡ್ಲೀಲಿ. ಹತ್ತು, ಹತ್ತು!"

ಕೂಡ್ಲಿಯ ದಾರಿಯಲ್ಲಿ ಹೊಳೆ ಹತ್ತಿರ ಬಂದಲ್ಲೆಲ್ಲ ಲಾರಿ ನಿಲ್ಲಿಸಿ ಹುಡುಕಿದೆವು. ಕೊನೆಗೆ ಕಂಡರು. ತೆಪ್ಪ ಬಂಡೆಗೆ ಸಿಕ್ಕಿ ವಾಲಿತ್ತು. ಭಾವ ಎದೆಮಟ್ಟದ ನೀರಿನಲ್ಲಿ ಬಂಡೆಯನ್ನು ತಬ್ಬಿಕೊಂಡಿದ್ದರು. ಸಾಹೇಬರು ಲೋಡು ಬಿಗಿಯುವ ಹಗ್ಗ ಎಸೆದರು. ಎರಡು ಸಲ ತಪ್ಪಿತು. ಆಮೇಲೆ ಭಾವ ಹೇಗೋ ಹಿಡಿದು ಸೊಂಟಕ್ಕೆ ಸುತ್ತಿಕೊಂಡರು. ಇಬ್ಬರೂ ಸೇರಿ ಎಳೆದೆವು.

ದಡದಲ್ಲಿ ಕುಡಿದ ನೀರನ್ನೆಲ್ಲ ಕಕ್ಕಿ, "ಎಲ್ಲಿ ಸತ್ತಿದ್ಯೋ ಇಷ್ಟೊತ್ತು?" ಎಂದರು ಭಾವ.

"ನಿಮ್ಮನ್ನ ಹುಡುಕ್ಕೊಂಡು ಭದ್ರಾವತಿಗೆ ಹೊರಟಿದ್ರು," ಎಂದರು ಸಾಹೇಬರು.

ಭಾವ ನಡುಗುತ್ತಲೇ ನಕ್ಕರು. ನನಗೆ ನಗು ಬರಲಿಲ್ಲ. ಅಂದಿನಿಂದ ಕಣ್ಣು ಮುಚ್ಚಿದರೆ ಅದೇ ರಸ್ತೆಯಲ್ಲಿ ಅದೇ ಸೈಕಲ್ ತುಳಿಯುತ್ತಿದ್ದೆ. ಚೈನು ಮಾತ್ರ ಕಳಚುತ್ತಲೇ ಇರಲಿಲ್ಲ.

ತಿಂಗಳಾದರೂ ನಾನು ಹೀಗೆ ಬೆಚ್ಚಿ ಏಳುವುದನ್ನು ನೋಡಿ, ಒಂದು ಗುರುವಾರ ಭಾವ ನನ್ನನ್ನು ದಡದುದ್ದಕ್ಕೂ ಕೂಡ್ಲಿಗೆ ನಡೆಸಿಕೊಂಡು ಹೋದರು. ಇಳಿಜಾರು ನನ್ನ ಕಾಲಿಗೆ ಎಲ್ಲೂ ತಿಳಿಯಲಿಲ್ಲ. ನೀರಿಗೆ ಮಾತ್ರ ಎಲ್ಲೂ ಅನುಮಾನವಿರಲಿಲ್ಲ. ಸಂಜೆ ಎರಡು ಹೊಳೆ ಸೇರುವಲ್ಲಿ ಕೂತು, ಭಾವ ಪಾದ ಒತ್ತಿಕೊಳ್ಳುತ್ತಾ ಹೇಳಿದರು:

"ನೋಡ್ಕೊಂಡ್ಯಾ? ಇನ್ನೊಂದ್ಸಲ ನಾನು ತೇಲಿಹೋದ್ರೆ ಸೀದಾ ಇಲ್ಲಿಗೇ ಬಾ."

ಆ ರಾತ್ರಿ ನನಗೆ ಒಮ್ಮೆಯೂ ಎಚ್ಚರವಾಗಲಿಲ್ಲ.