ವಿಧೇಯ ವಿದ್ಯಾರ್ಥಿನಿ

ಸೇತುರಾಮರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಒಳ್ಳೆಯ ಮನುಷ್ಯ, ಇಲ್ಲವೆನ್ನುವುದಿಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್, ಕುಡಿತವಿಲ್ಲ, ಜಗಳವಿಲ್ಲ. ಆದರೆ ಹರಕೆ ಹೊತ್ತರೂ ಮೊದಲ ಮಗು ಉಳಿಯಲಿಲ್ಲವೆಂದು ಮನೆಯ ದೇವರ ಪಟಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಯಾರಿಗೋ ಕೊಟ್ಟುಬಿಟ್ಟರಲ್ಲ, ಆಗ ಹೆಂಡತಿಯನ್ನು ಒಂದು ಮಾತು ಕೇಳಬೇಕಿತ್ತು. ಕೃಷ್ಣವೇಣಮ್ಮನಿಗೆ ದೇವರು ಬೇಕೋ ಬೇಡವೋ ಎಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ.

ಆಮೇಲೆ ಹುಟ್ಟಿದವಳು ತುಂಗಾ, ನನ್ನ ಗೆಳತಿ. ಟಿ. ದಾಸರಹಳ್ಳಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ನಮ್ಮಿಬ್ಬರನ್ನೂ ಯಶವಂತಪುರದ ಒಂದು ಕಾನ್ವೆಂಟಿಗೆ ಹಾಕಿದ್ದರು. ದೇವರಿಲ್ಲ ಎನ್ನುವವರು ಮಗಳನ್ನು ಸಿಸ್ಟರುಗಳ ಕೈಗೆ ಕೊಟ್ಟಿರಲ್ಲ ಎಂದು ನನ್ನ ಅಪ್ಪ ಛೇಡಿಸಿದರೆ ಸೇತುರಾಮರು, "ದೇವರು ಅವರ ಹತ್ರಾನೇ ಇರ್ಲಿ ಕಣ್ರೀ, ನಮಗೆ ಅವರ ಇಂಗ್ಲಿಷ್ ಸಾಕು" ಎನ್ನುತ್ತಿದ್ದರು. ಸೇರಿಸುವಾಗಲೇ ಅವರು ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಅಪೊಲೋನಿಯಾ ಅವರಿಗೆ ಖಡಾಖಂಡಿತವಾಗಿ ಹೇಳಿದ್ದರು, ನನ್ನ ಮಗಳು ಪ್ರಾರ್ಥನೆ ಮಾಡುವುದಿಲ್ಲ ಎಂದು. ಸಿಸ್ಟರ್ ಒಪ್ಪಿಕೊಂಡರು. ಬೆಳಗಿನ ಅಸೆಂಬ್ಲಿಯಲ್ಲಿ ಹಿಂದೂ ಮುಸ್ಲಿಂ ಎನ್ನದೆ ನಾವೆಲ್ಲ ಕೈಜೋಡಿಸಿ ಕಣ್ಣು ಮುಚ್ಚಿದಾಗ ತುಂಗಾ ಒಬ್ಬಳೇ ಕಣ್ಣು ಬಿಟ್ಟುಕೊಂಡು ನಿಂತಿರುತ್ತಿದ್ದಳು. ದೇವರಿಲ್ಲದವಳ ಪಕ್ಕ ಕೂತರೆ ಪರೀಕ್ಷೆಯಲ್ಲಿ ಫೇಲಾಗುತ್ತೇವೆ ಎಂದು ಯಾರೋ ಹಬ್ಬಿಸಿದರು. ಅವಳ ಡಬ್ಬಿಯ ಚಿತ್ರಾನ್ನವನ್ನು ನಾನು ಬಿಟ್ಟರೆ ಬೇರಾರೂ ಮುಟ್ಟುತ್ತಿರಲಿಲ್ಲ. ಇದನ್ನು ಅವಳು ಮನೆಯಲ್ಲಿ ಹೇಳಲೇ ಇಲ್ಲ. ಅಪ್ಪನೆಂದರೆ ಅವಳಿಗೆ ಪ್ರಾಣ.

೧೯೭೯ರಲ್ಲಿ, ನಾವು ಏಳನೇ ಕ್ಲಾಸಿನಲ್ಲಿದ್ದಾಗ, ಕೃಷ್ಣವೇಣಮ್ಮನ ಕಿಡ್ನಿ ಕೆಟ್ಟಿತು. ಕಾಲು, ಮುಖ ಎಲ್ಲ ಊದಿಕೊಂಡವು. ಆಸ್ಪತ್ರೆಯವರು ಕೈಚೆಲ್ಲಿ ಮನೆಗೆ ಕಳಿಸಿದರು. ಸೇತುರಾಮರು ರಜೆ ಹಾಕಿ ಹೆಂಡತಿಯ ಸೀರೆ ಒಗೆದರು, ಗಂಜಿ ಕುಡಿಸಿದರು. ಅದನ್ನು ಕಣ್ಣಾರೆ ಕಂಡಿದ್ದೇನೆ. ಕಾಣದಿದ್ದರೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಇನ್ನೂ ಸುಲಭವಾಗುತ್ತಿತ್ತು.

ಒಂದು ಮಧ್ಯಾಹ್ನ ಅವರು ಔಷಧಿ ತರಲು ಹೋಗಿದ್ದಾಗ ಕೃಷ್ಣವೇಣಮ್ಮ ಮಗಳನ್ನು ಹತ್ತಿರ ಕರೆದರು. ನಾನೂ ಅಲ್ಲೇ ಇದ್ದೆ.

"ನಿಮ್ ಸ್ಕೂಲಲ್ಲಿ ಮೇರಿಯಮ್ಮ ಇದಾಳಂತಲ್ಲೇ. ನನಗೋಸ್ಕರ ಒಂದ್ಸಲ ಕೇಳ್ಕೋತೀಯಾ? ಯಾವ ದೇವ್ರಾದ್ರೂ ಆಗುತ್ತೆ ನಂಗೆ. ಅಪ್ಪಂಗೆ ಹೇಳ್ಬೇಡ, ನೊಂದ್ಕೋತಾರೆ."

ತುಂಗಾ ಹೂಂ ಎಂದಳು.

ಶಾಲೆಯ ಹಿಂದೆ ಕಲ್ಲು ಪೇರಿಸಿ ಕಟ್ಟಿದ ಚಿಕ್ಕ ಗವಿಯಲ್ಲಿ ಮೇರಿಯಮ್ಮನ ಪ್ರತಿಮೆ ಇತ್ತು. ಮರುದಿನ ಊಟದ ಬಿಡುವಿನಲ್ಲಿ ನನ್ನನ್ನು ಕಾವಲಿಗೆ ನಿಲ್ಲಿಸಿ ಅಲ್ಲಿಗೆ ಹೋದಳು. ದೇವರನ್ನು ಹೇಗೆ ಕೇಳಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ದೊಡ್ಡವರನ್ನು ಕೇಳಿಕೊಳ್ಳುವ ಮಾತೆಂದರೆ ಅವಳಿಗೆ ಬರುತ್ತಿದ್ದುದು ರಜಾ ಅರ್ಜಿ ಒಂದೇ. ಕೈ ಕಟ್ಟಿ ನಿಂತು ಗಟ್ಟಿಯಾಗಿ ಒಪ್ಪಿಸಿದಳು.

"ಮಾನ್ಯರೇ, ನನ್ನ ತಾಯಿಗೆ ಹುಷಾರಿಲ್ಲದ ಕಾರಣ, ತಾವು ದಯಮಾಡಿ ಅವರನ್ನು ವಾಸಿ ಮಾಡಬೇಕಾಗಿ ಕೇಳಿಕೊಳ್ಳುತ್ತೇನೆ. ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ, ಎಸ್. ತುಂಗಾ, ಏಳನೇ ತರಗತಿ, ಬಿ ಸೆಕ್ಷನ್."

ನನಗೆ ನಗು ಬಂತು. ಅವಳ ಮುಖ ನೋಡಿದ ಮೇಲೆ ಅಳು ಬಂತು. ಅಮ್ಮ ಹೇಳಿದ್ದು ಒಂದು ಸಲ, ಇವಳು ದಿನಾ ಹೋದಳು. ಒಂದು ದಿನ ನಾನು ತಿರುಗಿ ನೋಡಿದರೆ ಸಿಸ್ಟರ್ ಅಪೊಲೋನಿಯಾ ವರಾಂಡದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಹಾಗೇ ಒಳಗೆ ಹೋದರು.

ದಸರಾ ರಜೆಗೆ ಮುಂಚೆಯೇ ಕೃಷ್ಣವೇಣಮ್ಮ ತೀರಿಕೊಂಡರು. ಸೇತುರಾಮರು ಮಂತ್ರ ಹೇಳಿಸಲಿಲ್ಲ, ಕರ್ಮಾಂತರ ಮಾಡಿಸಲಿಲ್ಲ. ಪೂಜೆ ಪುನಸ್ಕಾರ ಬಿಟ್ಟು ಹೆಂಡತಿಯನ್ನು ತಿಂದುಕೊಂಡ ಎಂದು ನಂಟರು ಎದುರಿಗೇ ಬೈದು ಎದ್ದು ಹೋದರು.

ಆ ವಾರ ಸಿಸ್ಟರ್ ಅಪೊಲೋನಿಯಾ ಮಾತಾಡಿಸಿಕೊಂಡು ಹೋಗಲು ಬಂದರು. ಕಾರ್ಖಾನೆಯ ಒಂದಿಬ್ಬರು ಸ್ನೇಹಿತರು, ನನ್ನ ಅಮ್ಮ, ನಾನು ಅಲ್ಲಿದ್ದೆವು. ಸೇತುರಾಮರ ಮುಖ ನೋಡಲಾಗದೆ ಸಿಸ್ಟರ್, "ನಿಮ್ಮ ಮಗಳು ತಾಯಿಗೋಸ್ಕರ ದಿನಾಲೂ ಮಾತೆಯ ಎದುರು ಬೇಡಿಕೊಳ್ಳುತ್ತಿದ್ದಳು. ನಾನೇ ಕೇಳಿದ್ದೇನೆ. ಅಂಥ ಮಗಳಿದ್ದಾಳೆ, ಸಮಾಧಾನ ಮಾಡಿಕೊಳ್ಳಿ" ಎಂದರು.

ಸೇತುರಾಮರು ಮಗಳ ಕಡೆ ತಿರುಗಿದರು. "ಹೌದೇನಮ್ಮಾ?"

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಹೆಂಡತಿ ಹೋದಳು, ನಂಟರು ಹೋದರು, ಇನ್ನು ಮಗಳೂ ತನ್ನ ಕಡೆ ಇಲ್ಲವೇನೋ ಎಂಬ ಹೆದರಿಕೆ. ಗದರಿದ್ದರೆ ತುಂಗಾ ನಿಜ ಹೇಳಿಬಿಡುತ್ತಿದ್ದಳು ಎಂದು ನನಗೆ ಈಗಲೂ ಅನ್ನಿಸುತ್ತದೆ.

"ಇಲ್ಲಪ್ಪ" ಎಂದಳು.

ಸೇತುರಾಮರಿಗೆ ಹೋದ ಜೀವ ಬಂತು. "ನೋಡಿದ್ರಾ ಸಿಸ್ಟರ್? ನಮ್ಮನೇಲಿ ಯಾರೂ ಯಾರ್ ಮುಂದೇನೂ ಕೈ ಚಾಚಿಲ್ಲ. ಅಷ್ಟು ನರಳಿದ್ರೂ ನನ್ನ ಹೆಂಡ್ತಿ ಒಂದ್ ದೇವರನ್ನ ಕೇಳ್ಲಿಲ್ಲ. ಅಲ್ವೇನಮ್ಮಾ?"

ತುಂಗಾ ಅದಕ್ಕೂ ಹೌದೆಂದು ತಲೆಯಾಡಿಸಿದಳು. ಸಿಸ್ಟರ್ ಅವಳನ್ನೇ ಸ್ವಲ್ಪ ಹೊತ್ತು ನೋಡಿದರು. "ಬೇರೆ ಯಾವುದೋ ಮಗು ಇರಬೇಕು. ಕ್ಷಮಿಸಿ" ಎಂದು ಕಾಫಿ ಲೋಟ ಕೆಳಗಿಟ್ಟು ಎದ್ದರು. ಸ್ನೇಹಿತರಿಗೆ ಸೇತುರಾಮರು ಮಗಳ ಧೈರ್ಯವನ್ನು ಹೊಗಳತೊಡಗಿದರು.

ತುಂಗಾ ಎದ್ದು ಹೋಗಿದ್ದು ನೋಡಿ ನಾನೂ ಹಿತ್ತಲಿಗೆ ಹೋದೆ. ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ.

"ಅಪ್ಪನ್ನ ಬಿಟ್ಕೊಡೋಕಾಗ್ಲಿಲ್ಲ ಕಣೇ ಸೀತಾ" ಎಂದಳು. "ಅಮ್ಮ ಬಾಯ್ಬಿಟ್ಟು ಕೇಳಿದ್ದು ಅದೊಂದೇ. ಅವಳು ಅದನ್ನೂ ಕೇಳ್ಲೇ ಇಲ್ಲ ಅನ್ನೋ ಹಾಗೆ ಮಾಡ್ಬಿಟ್ಟೆ."