ಬಾವಿಯೊಳಗಿನ ಊರು ಯಾರದು

ಆ ದಿನಗಳಲ್ಲಿ ಬ್ಯಾಡಗಿಯವರಾದ ನಮಗೆ ಕಾಲ ಬದಲಾಗುವುದು ಮೊದಲು ಮೂಗಿಗೆ ತಿಳಿಯುತ್ತಿತ್ತು. ಸಂಕ್ರಾಂತಿ ಕಳೆಯಿತೆಂದರೆ ಮೆಣಸಿನಕಾಯಿ ಚೀಲ ಹೊತ್ತ ಲಾರಿಗಳು ಊರ ತುಂಬ ಸಾಲುಗಟ್ಟುತ್ತಿದ್ದವು. ಶಾಲೆಯಲ್ಲಿ ಒಬ್ಬಳು ಸೀನಿದರೆ ಇಡೀ ಬೆಂಚು ಸೀನುತ್ತಿತ್ತು. ನಮ್ಮಪ್ಪನದು ಖಾರ ಕುಟ್ಟುವ ಗಿರಣಿ. ನನ್ನ ಪಾಟಿಚೀಲ, ಲಂಗ, ಜಡೆ ಎಲ್ಲಕ್ಕೂ ಅದೇ ಘಾಟು.

ಶಾಲೆ ಬಿಟ್ಟ ಮೇಲೆ ನಾನು ಗೆಳತಿ ನಸೀಮಾಳ ಮನೆಗೆ ಓಡುತ್ತಿದ್ದೆ. ಅವರ ಹಿತ್ತಲಲ್ಲಿ ನಾಲ್ಕಾರು ಹೆಂಗಸರು ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ನಡುವೆ ನಸೀಮಾಳ ಅಪ್ಪನ ತಾಯಿ. ನಸೀಮಾಳಿಗೆ ದಾದಿ, ಹಾಗಾಗಿ ನನಗೂ ದಾದಿ. ಕೈ ತೊಟ್ಟು ಮುರಿಯುತ್ತಿದ್ದಂತೆ ಬಾಯಿ ಕಥೆ ಹೇಳುತ್ತಿತ್ತು. ಮೊದಲು ಉರ್ದುವಿನಲ್ಲಿ ಏನೋ ಪೀಠಿಕೆ, ಆಮೇಲೆ ನನ್ನ ಮುಖ ನೋಡಿ ಕನ್ನಡಕ್ಕೆ ಹೊರಳುವುದು. ನಾವಿಬ್ಬರೂ ಮಂಡಕ್ಕಿ ಮೆಲ್ಲುತ್ತ, ಗಜಗದ ಕಾಯಿ ಮೇಲಕ್ಕೆಸೆದು ಹಿಡಿಯುತ್ತ ಕೇಳುತ್ತಿದ್ದೆವು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬಾವಿಯ ಕಥೆ. ಬಾವಿಗೆ ಬಿದ್ದ ಕೊಡ ತರಲು ಒಬ್ಬ ಹುಡುಗಿ ಹಗ್ಗ ಹಿಡಿದು ಇಳಿಯುತ್ತಾಳೆ. ತಳದಲ್ಲಿ ನೀರಿಲ್ಲ, ಒಂದು ಊರಿದೆ. ಅಲ್ಲಿನವರು ಅವಳಿಗೆ ಉಣ್ಣಲಿಕ್ಕಿ, ಒಂದು ಮಧ್ಯಾಹ್ನ ಇರಿಸಿಕೊಂಡು ಕಳಿಸುತ್ತಾರೆ. ಮೇಲೆ ಬಂದು ನೋಡಿದರೆ ಸುತ್ತಲೂ ಕಾಡು ಬೆಳೆದಿದೆ. ಕಟ್ಟೆಯ ಮೇಲೆ ಕಾಯುತ್ತ ಕೂತ ತಾಯಿಯ ತಲೆ ಪೂರಾ ಬೆಳ್ಳಗಾಗಿದೆ.

ನಾನು ಎಂಟನೇ ಇಯತ್ತೆಯಲ್ಲಿದ್ದಾಗ ಹಾವೇರಿಯಲ್ಲಿ ಶಾಲಾ ಮಕ್ಕಳಿಗೆ ವಿಜ್ಞಾನ ಕಥೆಯ ಸ್ಪರ್ಧೆ ಇಟ್ಟರು. ನಮ್ಮ ವಿಜ್ಞಾನದ ಮಾಸ್ತರು ತರಗತಿಯಲ್ಲಿ ಹೇಳಿದರು, "ನಾಳಿನ ಜಗತ್ತಿನ ಕಥಿ ಬರೀರಿ. ಯಾರದೂ ಕಾಪಿ ಇರಬಾರದು."

ಗಿರಣಿಯ ಚೀಲಗಳ ಹಿಂದೆ ಕೂತು ಎರಡು ಸಂಜೆ ಬರೆದೆ. ಬಾವಿ ಆಕಾಶದ ಕಪ್ಪು ಕುಳಿಯಾಯಿತು, ಹಗ್ಗ ರಾಕೆಟ್ ಆಯಿತು, ತಳದ ಊರು ಬೇರೊಂದು ಗ್ರಹವಾಯಿತು. ಕಾಯುವ ತಾಯಿಯನ್ನು ತೆಗೆದು ಅಲ್ಲಿ ಒಬ್ಬ ಮುದುಕನನ್ನು ಕೂಡಿಸಿದೆ. ಅವನು ರಾಕೆಟ್ಟಿನಲ್ಲಿ ಹೋದ ಹುಡುಗಿಯ ತಮ್ಮ. ತಿರುಗಿ ಬಂದ ಅಕ್ಕನನ್ನೇ "ನೀ ಯಾರ ಮಗಳವಾ?" ಎಂದು ಕೇಳುತ್ತಾನೆ. ಬರೆಯುವಾಗ ಎಲ್ಲವೂ ನನ್ನ ತಲೆಯಿಂದಲೇ ಬರುತ್ತಿದೆ ಎಂದು ನಾನು ನಿಜವಾಗಿ ನಂಬಿದ್ದೆ.

ಮಾಸ್ತರು ಓದಿ ಬೆರಗಾದರು. "ಅಂಥಾ ಕುಳಿ ಹತ್ತಿರ ವೇಳ್ಯಾ ಖರೇನ ನಿಧಾನ ಆಗತೈತಿ. ನಿಂಗ ಹೆಂಗ ಗೊತ್ತಾತು?" ನಾನು ನಕ್ಕೆ.

ಹಾವೇರಿಯಲ್ಲಿ ನನಗೇ ಮೊದಲ ಬಹುಮಾನ. ನಮ್ಮ ಶಾಲೆಯ ಹುಡುಗಿಯರನ್ನೆಲ್ಲ ಕರೆದೊಯ್ದಿದ್ದರು. ಮುಂದಿನ ಸಾಲಿನಲ್ಲೇ ನಸೀಮಾ ಕೂತಿದ್ದಳು. ವೇದಿಕೆಯ ಮೇಲೆ ನಾನು ಕಥೆ ಓದಿ ಮುಗಿಸಿದ ಮೇಲೆ ತೀರ್ಪುಗಾರರು ಕೇಳಿದರು, "ಯಾವುದಾರ ಪುಸ್ತಕ ನೋಡಿ ಬರದೀಯೇನವಾ?"

"ಇಲ್ಲರಿ ಸರ್. ಯಾವ ಪುಸ್ತಕಾನೂ ನೋಡಿಲ್ಲರಿ."

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವರು ಮೈಕಿನಲ್ಲಿ, ಇದು ಅಪ್ಪಟ ಸ್ವಂತ ಕಲ್ಪನೆ ಎಂದು ಸಾರಿದರು. ಚಪ್ಪಾಳೆಯ ನಡುವೆ ನಸೀಮಾಳ ಕೈಗಳು ಮಡಿಲಲ್ಲೇ ಇದ್ದವು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆಗೆ ಮುಖ ಮಾಡಿ ಹೇಳಿದಳು, "ಅದು ನಮ್ಮ ದಾದಿ ಕಥಿ."

"ನಾ ಅದರಾಗ ರಾಕೆಟ್ ಹಾಕೇನಲ್ಲಾ!"

"ಕೇಳಿದ್ದರ ನಾ ಇಲ್ಲಂತಿದ್ನೇನು?" ಎಂದಳು. ಬ್ಯಾಡಗಿ ಬಂದಾಗ ನನಗಿಂತ ಮೊದಲೇ ಇಳಿದು ಹೋದಳು.

ಅವ್ವ ಪ್ರಶಸ್ತಿಪತ್ರವನ್ನು ಗೋಡೆಯಲ್ಲಿನ ದೇವರ ಮಾಡದ ಪಕ್ಕ ಮೊಳೆ ಹೊಡೆದು ತೂಗುಹಾಕಿದಳು. ನಾನು ಅದಕ್ಕೆ ಬೆನ್ನು ಮಾಡಿ ಕೂತು ಉಣ್ಣುತ್ತಿದ್ದೆ. ನಸೀಮಾ ಬೇರೆ ಬೆಂಚಿಗೆ ಹೋಗಿ ಕೂತಳು. ನಾನು ದಿನಾ ಅವರ ಓಣಿಯವರೆಗೆ ಹೋಗಿ ತಿರುಗಿ ಬರುತ್ತಿದ್ದೆ. ಕಡೆಗೆ ಗ್ರಂಥಾಲಯ ಹೊಕ್ಕೆ. ಬಾವಿಯ ಕಥೆ ಎಲ್ಲಾದರೂ ಅಚ್ಚಾಗಿ ಸಿಕ್ಕರೆ ದಾದಿಯೂ ಯಾರಿಂದಲೋ ಎತ್ತಿಕೊಂಡವಳೇ ಎಂದಾಗುತ್ತದಲ್ಲ, ಅದು ನನ್ನ ಆಸೆ. ಈಗ ನೆನೆದರೆ ಕದ್ದದ್ದಕ್ಕಿಂತ ಆ ಹುಡುಕಾಟಕ್ಕೇ ಹೆಚ್ಚು ನಾಚಿಕೆಯಾಗುತ್ತದೆ. ಸಮುದ್ರದ ತಳದ ಊರುಗಳು ಸಿಕ್ಕವು, ನಿದ್ದೆ ಹೋಗಿ ಎಷ್ಟೋ ಕಾಲಕ್ಕೆ ಎದ್ದವರು ಸಿಕ್ಕರು. ಎಲ್ಲ ಒಂದೇ ಮನೆತನದವರಂತೆ ಕಂಡರು. ಆದರೆ ಕೊಡ ತರಲು ಹೋದ ಹುಡುಗಿ ಮಾತ್ರ ಎಲ್ಲೂ ಸಿಗಲಿಲ್ಲ.

ಎಂಟು ದಿನ ಕಳೆದ ಮೇಲೆ ಹಾಳೆಗಳನ್ನು ಹಿಡಿದು ದಾದಿಯ ಮುಂದೆ ಹೋಗಿ ನಿಂತೆ. ನಸೀಮಾ ಬಾಗಿಲಲ್ಲೇ ಉಳಿದಳು.

"ಓದು ಬೇಟಾ," ಎಂದಳು ದಾದಿ. ನಾನು ಓದುತ್ತಿದ್ದಂತೆ ಅವಳು ತೊಟ್ಟು ಬಿಡಿಸುತ್ತಲೇ ಇದ್ದಳು. ಕೊನೆಗೆ ಬಂದಾಗ ಕೈ ನಿಂತಿತು.

"ಈ ಮುದಕ ಯಾರು? ನನ್ನ ಕಥಿಯೊಳಗ ಇಂವ ಇಲ್ಲ."

"ಆಕಿ ತಮ್ಮ, ದಾದಿ."

"ಎಲ್ಲಿಂದ ತಂದಿ ಇವನ್ನ?"

ಅವಳು ಕೇಳಿದ ಮೇಲೆಯೇ ನನಗೆ ಅದು ಹೊಳೆಯಿತು. ಹಲಗೇರಿಯ ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲವೆಂದು, ನನ್ನ ತಮ್ಮನನ್ನು ಎರಡು ವರ್ಷದವನಿದ್ದಾಗಲೇ ಅವರಿಗೆ ದತ್ತು ಕೊಟ್ಟಿದ್ದರು. ಹಿಂದಿನ ದೀಪಾವಳಿಗೆ ಹೋದಾಗ ಅವನು ದೊಡ್ಡವ್ವನ ಸೆರಗಿನ ಹಿಂದೆ ನಿಂತು, ನನ್ನತ್ತ ಬೆರಳು ಮಾಡಿ, "ಯವ್ವಾ, ಇಕಿ ಯಾರು?" ಎಂದು ಕೇಳಿದ್ದ. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ದಾದಿಗೆ ಅಷ್ಟನ್ನು ಹೇಳುವಷ್ಟರಲ್ಲಿ ನನಗೆ ಅಳು ಬಂತು.

ಖಾರದ ಕೈ ಕಣ್ಣಿಗೆ ತಾಗದಂತೆ ದಾದಿ ಮೊಣಕೈಯಿಂದ ನನ್ನನ್ನು ಹತ್ತಿರಕ್ಕೆಳೆದುಕೊಂಡಳು. "ಹಂಗಾದ್ರ ಇಂವ ನಿನ್ನಾಂವ. ಉಳಿದಿದ್ದು ನಂದೂ ಅಲ್ಲ. ಕಾಗಿನೆಲಿಯೊಳಗ ನಮ್ಮ ತವರುಮನಿ ಬಾಜೂಕ ಗೌರವ್ವ ಅಂತ ಇದ್ಲು, ಆಕಿ ಹೇಳಿದ್ದು. ಆಕಿ ಕೆರಿ ಅಂತಿದ್ಲು. ಕೆರಿ ಅಂದ್ರ ನನಗ ಅಂಜಿಕಿ, ನಾ ಬಾವಿ ಮಾಡಿದೆ."

ನನ್ನ ಎದೆ ಹಗುರಾಗುವಷ್ಟರಲ್ಲಿ ಅವಳೇ ಮುಂದುವರಿಸಿದಳು.

"ಕಥಿ ತಗೊಂಡಿದ್ದಕ್ಕ ಸಿಟ್ಟಿಲ್ಲ. ಆದ್ರ ನಾ ಯಾವಾಗ ಹೇಳಿದ್ರೂ, ಇದು ಗೌರವ್ವನ ಕಥಿ ಅಂತ ಹೇಳೇ ಶುರು ಮಾಡ್ತೇನಿ. ನೀ ಅದನ್ನ ಯಾಕ ಬಿಟ್ಟಿ?"

ಉರ್ದು ಪೀಠಿಕೆಯ ಆ ಮಾತನ್ನು ನಾನು ಪ್ರತಿಸಲವೂ ಕೇಳಿದ್ದೆ, ಕಥೆ ಇನ್ನೂ ಶುರುವಾಗಿಲ್ಲ ಎಂದುಕೊಂಡು.

ಶಾಲೆಯ ಭಿತ್ತಿಪತ್ರಿಕೆಗೆ ನನ್ನ ಕಥೆ ಹಾಕುವವರಿದ್ದರು. ಮೇಲ್ಗಡೆ ಬರೆದೆ: ಗೌರವ್ವ ಹೇಳಿದ್ದು, ಅದನ್ನು ಕೇಳಿ ನಸೀಮಾಳ ದಾದಿ ಹೇಳಿದ್ದು, ಅದನ್ನು ಕೇಳಿ ನಾನು ಬರೆದದ್ದು. ಮಾಸ್ತರು ಹುಬ್ಬು ಗಂಟಿಕ್ಕಿದರು.

"ಹಿಂಗ ಬರದರ ಬಹುಮಾನ ತಿರುಗಿ ಕೇಳ್ತಾರ."

"ಕೊಡ್ತೇನ್ರಿ ಸರ್."

ಅವರು ಆ ಸಾಲು ಹೊಡೆದುಹಾಕಲು ತೆಗೆದಿದ್ದ ಕೆಂಪು ಪೆನ್ನನ್ನು ಮತ್ತೆ ಕಿಸೆಗೆ ಸಿಕ್ಕಿಸಿಕೊಂಡರು. ಬಹುಮಾನವನ್ನು ಯಾರೂ ತಿರುಗಿ ಕೇಳಲಿಲ್ಲ. ಗೋಡೆಯ ಮುಂದೆ ನಿಂತು ನಸೀಮಾ ಪೂರ್ತಿ ಓದಿದಳು. ಬಸ್ಸಿನ ಆ ಮಾತಿನ ನಂತರ ಮೊದಲ ಸಲ ನನ್ನತ್ತ ತಿರುಗಿ ಮಾತಾಡಿದಳು.

"ನಮ್ಮ ದಾದಿಗೂ ಹೆಸರೈತಿ."

ಅದು ನನಗೆ ಗೊತ್ತೇ ಇರಲಿಲ್ಲ. ಜೈನಾಬಿ ಎಂದು ಅವಳು ಹೇಳಿದಳು. ದಾದಿ ಎಂಬುದರ ತಲೆಯ ಮೇಲೆ ಅದನ್ನು ಸಣ್ಣ ಅಕ್ಷರದಲ್ಲಿ ಸೇರಿಸಿದೆ.

ಈಗ ನಾನು ಮಕ್ಕಳಿಗಾಗಿ ಅಂಥ ವಿಜ್ಞಾನ ಕಥೆಗಳನ್ನೇ ಬರೆಯುತ್ತೇನೆ. ಕಥೆ ಕೇಳುತ್ತ ಕೂತಾಗ, ಇದರಲ್ಲಿ ನನಗೇನು ದಕ್ಕೀತು ಎಂದು ಮನಸ್ಸು ಒಳಗೊಳಗೇ ಚಡಪಡಿಸುತ್ತದೆ. ಸುಮ್ಮನೆ ಕೇಳುವ ಸುಖ ನನ್ನ ಕೈತಪ್ಪಿ ಬಹಳ ಕಾಲವಾಯಿತು. ದಾದಿ ತೀರಿಕೊಂಡಳು. ಆ ಹಿತ್ತಲಲ್ಲಿ ಈಗ ಯಾರೂ ತೊಟ್ಟು ಬಿಡಿಸುವುದಿಲ್ಲ. ಕಾಯಿ ನೇರ ಶೀತಲ ಗೋದಾಮಿಗೆ ಹೋಗುತ್ತದೆ. ನಸೀಮಾ ರಾಣೆಬೆನ್ನೂರಿನಲ್ಲಿದ್ದಾಳೆ. ಹೋದ ತಿಂಗಳು ಅವಳ ಫೋನು ಬಂತು.

"ದಾದಿ ಹೇಳ್ತಿದ್ದ ನೆರಳು ಹೊಲಿಯೋ ಸಿಂಪಿಗನ ಕಥಿ ನೆನಪೈತೇನು? ಮಗಳು ಕೇಳಾಕತ್ತಾಳ. ಅರಸಿ ತನ್ನ ನೆರಳು ಹರಕೊಂಡು ಬಂದ್ಲು ಅನ್ನೋತನಕ ಬಂದೇನಿ, ಮುಂದ ಹೊಳಿವಲ್ತು."

ನನಗೂ ಅಲ್ಲಿಂದ ಮುಂದೆ ನೆನಪಿರಲಿಲ್ಲ. "ಮುಂದಿಂದು ನಾ ಕಟ್ಟಿ ಹೇಳಲೇನು?" ಎಂದೆ.

"ಬ್ಯಾಡ. ನೀ ಚಲೋನ ಕಟ್ತಿ. ಆದ್ರ ನಂಗ ದಾದಿ ಹೇಳಿದ್ದೇ ಬೇಕು."

ಆ ಹಿತ್ತಲಲ್ಲಿ ಕೂರುತ್ತಿದ್ದ ಹೆಂಗಸರ ಹೆಸರುಗಳನ್ನು ಇಬ್ಬರೂ ಒಂದೊಂದಾಗಿ ಹೇಳುತ್ತ ಹೋದೆವು. ಮುಂದಿನದನ್ನು ಕೇಳಿ ತಿಳಿಯೋಣವೆಂದರೆ ಅವರಲ್ಲಿ ಒಬ್ಬರೂ ಉಳಿದಿರಲಿಲ್ಲ.